ಪೇಟ ಕೊಡಿ, ಆದರೆ ಸುತ್ತಿ ಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ಚಿಕ್ಕಮಗಳೂರು ಜಿಲ್ಲೆಯ ಎಲ್ಲ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ನವೆಂಬರ್ 1 ಹತ್ತಿರ ಬರುತ್ತಿದೆ. ಇನ್ನು ಸ್ವಲ್ಪ ದಿನಕ್ಕೆ ತಾಲ್ಲೂಕು ತಾಲ್ಲೂಕಿನಲ್ಲೂ ಪೂರ್ವಭಾವಿ ಸಭೆ ಶುರುವಾಗುತ್ತದೆ. ಮೆರವಣಿಗೆ ಎಲ್ಲಿಂದ, ಶಾಮಿಯಾನ ಯಾರಿಗೆ ಹೇಳೋದು, ಮೈಕ್ ಯಾರದ್ದು ಅಂತ ಗಂಟೆಗಟ್ಟಲೆ ಮಾತಾಗುತ್ತದೆ. ಸನ್ಮಾನದ ವಿಷಯ ಬಂದಾಗ ಮಾತ್ರ ಒಂದೇ ಸಾಲು: ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಆಯ್ತು, ಮುಂದಿನ ವಿಷಯ.

ನನ್ನ ಕೇಳಿಕೆ ಸಣ್ಣದು. ಡಬ್ಬಿಯಿಂದ ತೆಗೆದು ತಲೆ ಮೇಲೆ ಇಡುವ ಪೇಟ ಬೇಡ. ಬಟ್ಟೆ ತನ್ನಿ, ವೇದಿಕೆ ಮೇಲೆಯೇ ಸುತ್ತಿ. ಸುತ್ತಿದ್ದನ್ನು ಅವರಿಗೇ ಬಿಟ್ಟುಬಿಡಿ. ಎಲ್ಲರ ತಲೆಗೂ ಮೈಸೂರು ಪೇಟವೇ ಆಗಬೇಕು ಅನ್ನುವ ಹಟವನ್ನೂ ಬಿಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಪಾಠ ಮಾಡಿ ಮಾಡಿ ರಿಟೈರ್ ಆದವಳು, ಚಿಕ್ಕದಾಗಿ ಹೇಳುವ ಅಭ್ಯಾಸ ಇಲ್ಲ.

ಮೊದಲು ಆ ರೆಡಿಮೇಡ್ ಪೇಟವನ್ನು ಒಮ್ಮೆ ಮಗುಚಿ ನೋಡಿ. ಒಳಗೆ ರಟ್ಟು. ಮೇಲೆ ಮಿಂಚುವ ಪಾಲಿಯೆಸ್ಟರ್ ಬಟ್ಟೆ, ಗೋಂದು ಹಾಕಿ ಅಂಟಿಸಿದ ಚಿನ್ನದ ಬಣ್ಣದ ಲೇಸು. ಹಣೆಗೆ ತಾಗುವ ಕಡೆ ಸ್ಪಂಜಿನ ಪಟ್ಟಿ. ನಾಲ್ಕಾರು ಸನ್ಮಾನ ಕಂಡ ಪೇಟವಾದರೆ ಆ ಪಟ್ಟಿ ಹಿಂದಿನವರ ಬೆವರಿಗೆ, ಎಣ್ಣೆಗೆ ಕಪ್ಪಾಗಿರುತ್ತದೆ. ದೊಡ್ಡ ತಲೆಗೆ ಕೂರುವುದಿಲ್ಲ, ಸಣ್ಣ ತಲೆಗೆ ಹುಬ್ಬಿನ ತನಕ ಇಳಿಯುತ್ತದೆ. ಹಾಗಾಗಿ ಒಬ್ಬರು ಹಿಂದೆ ನಿಂತು ಅದನ್ನು ಬೀಳದ ಹಾಗೆ ಹಿಡಿದಿರುತ್ತಾರೆ. ಫೋಟೋಗ್ರಾಫರ್ ‘ಸಾರ್, ಈ ಕಡೆ’ ಅನ್ನುತ್ತಾನೆ. ಫೋಟೋ ಆದ ತಕ್ಷಣ ಸನ್ಮಾನಿತರೇ ಅದನ್ನು ತೆಗೆದು ತೊಡೆ ಮೇಲೆ ಇಟ್ಟುಕೊಳ್ಳುತ್ತಾರೆ. ಇಷ್ಟಕ್ಕೆ ನಾವು ‘ಮೈಸೂರು ಪೇಟ ತೊಡಿಸಿ ಗೌರವಿಸಲಾಯಿತು’ ಅಂತ ಪತ್ರಿಕೆಗೆ ಬರೆದು ಕಳಿಸುತ್ತೇವೆ.

ಇದಕ್ಕಿಂತ ಕೆಟ್ಟದ್ದನ್ನೂ ನೋಡಿದ್ದೇನೆ. ಊರು, ಸಂಘದ ಹೆಸರು ಬೇಡ. ಸೋಬಾನೆ ಪದ ಹಾಡುವ ಅಜ್ಜಿಯೊಬ್ಬರಿಗೆ ಸನ್ಮಾನ. ಕಾರ್ಯಕ್ರಮಕ್ಕೆ ಅಂತಲೇ ಹೊಸ ಸೀರೆ ಉಟ್ಟು, ಮೊಮ್ಮಗನ ಬೈಕಿನಲ್ಲಿ ಬಂದಿದ್ದರು. ಪೇಟ ಇಟ್ಟರು, ಚಪ್ಪಾಳೆ ಆಯ್ತು. ಅಜ್ಜಿ ವೇದಿಕೆ ಇಳಿಯುವಷ್ಟರಲ್ಲಿ ಸಂಘದ ಹುಡುಗನೊಬ್ಬ ಓಡಿ ಬಂದ. ‘ಅಜ್ಜಿ, ಪೇಟ ಕೊಡಿ, ಇನ್ನೊಬ್ಬರಿಗೆ ಬೇಕು’ ಅಂದ. ಪಾಪ, ಅವನಿಗೆ ಯಾರೋ ಹೇಳಿ ಕಳಿಸಿದ್ದು. ಬಾಡಿಗೆಗೆ ತಂದ ಪೇಟ ಎರಡೇ ಇತ್ತು, ಸನ್ಮಾನಿತರು ಜಾಸ್ತಿ ಇದ್ದರು. ಅಜ್ಜಿ ಏನೂ ಅನ್ನಲಿಲ್ಲ. ತೆಗೆದು ಕೊಟ್ಟು, ಕೆದರಿದ ಕೂದಲನ್ನು ಅಂಗೈಯಲ್ಲಿ ಒತ್ತಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಕೆಳಗೆ ಬಂದು ಕೂತರು. ಅದಕ್ಕಿಂತ ಪೇಟ ಇಡದೇ ಇದ್ದಿದ್ದರೆ ಚೆನ್ನಾಗಿತ್ತು, ಅಲ್ವಾ?

‘ಒಂದು ಪೇಟಕ್ಕೆ ಇಷ್ಟು ದೊಡ್ಡ ಮಾತಾ ಟೀಚರ್’ ಅಂತ ಕೇಳುವವರಿದ್ದಾರೆ. ಹೌದು. ತಲೆ ಮೇಲೆ ಏನಿದೆ ಅನ್ನುವುದು ನಮ್ಮಲ್ಲಿ ಯಾವತ್ತೂ ಸಣ್ಣ ಮಾತಾಗಿರಲಿಲ್ಲ.

ಮೈಸೂರು ಒಡೆಯರ ದರ್ಬಾರಿಗೆ ಬರಿದಲೆಯಲ್ಲಿ ಹೋಗುವ ಹಾಗಿರಲಿಲ್ಲ. ಉದ್ದ ಕೋಟು, ಬಿಳಿ ಷರಾಯಿ, ತಲೆಗೆ ಪೇಟ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಆ ಕಾಲದ ಗುಂಪು ಫೋಟೋಗಳಲ್ಲಿ ಬರಿದಲೆ ಸಿಗುವುದು ಕಷ್ಟ. ಹಾಗಂತ ಎಲ್ಲರ ಪೇಟವೂ ಒಂದೇ ಥರ ಇರುತ್ತಿರಲಿಲ್ಲ. ಸುತ್ತಿದ ರೀತಿ, ಬಟ್ಟೆ, ಅಂಚು ನೋಡಿದರೆ ಸಾಕು, ಇವರು ಯಾವ ಸೀಮೆ, ಯಾವ ಜಾತಿ, ಏನು ಕೆಲಸ ಅಂತ ಹೇಳಬಹುದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದು 1912ರಿಂದ 1918ರವರೆಗೆ. ಹುದ್ದೆ ಬಿಟ್ಟ ಮೇಲೂ ಅವರು ಪೇಟ ಬಿಡಲಿಲ್ಲ. ಇವತ್ತಿಗೂ ಅಂಗನವಾಡಿ ಮಗುವಿನ ತಲೆಗೆ ಒಂದು ಬಿಳಿ ಪೇಟ ಇಟ್ಟು ಕನ್ನಡಕ ಹಾಕಿದರೆ ಅದು ವಿಶ್ವೇಶ್ವರಯ್ಯ. ಬೇರೆ ಏನೂ ಬೇಕಿಲ್ಲ.

ಆದರೆ ಪೇಟದ ಕಥೆ ಬರೀ ಗೌರವದ ಕಥೆ ಅಲ್ಲ. ಯಾರ ತಲೆ ಮೇಲೆ ಅದು ಇರಬಾರದು ಅನ್ನುವುದೂ ಆ ಕಥೆಯಲ್ಲೇ ಇದೆ. ನಮ್ಮ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಮ್ಮಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೋಟದಲ್ಲಿ ಯಾರು ಏನು ಅಂತ ದೂರದಿಂದಲೇ ತಲೆ ನೋಡಿ ಹೇಳಬಹುದಿತ್ತು. ಹ್ಯಾಟು ಹಾಕಿದವರು ಸಾಹುಕಾರರು. ಬ್ರಿಟಿಷ್ ದೊರೆಗಳು ಹೋದ ಮೇಲೂ ಅವರ ಹ್ಯಾಟು ಬಂಗಲೆಯಲ್ಲೇ ಉಳಿದಿತ್ತು. ಅಪ್ಪನದು ಕರಿ ಟೋಪಿ. ಮೇಸ್ತ್ರಿಯದು ಮುಂಡಾಸು. ಕೂಲಿಯವರದು ಟವೆಲ್. ಬಟವಾಡೆ ದಿನ ಬಂಗಲೆ ಮುಂದೆ ಸಾಲು ನಿಲ್ಲುತ್ತಿತ್ತು. ಗೇಟು ದಾಟುವ ಮೊದಲೇ ಗಂಡಾಳುಗಳು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ, ಬೋರ್ಡೂ ಇರಲಿಲ್ಲ. ಮಳೆ ಬರುತ್ತಿದ್ದರೂ ಬಿಚ್ಚುತ್ತಿದ್ದರು. ಹೆಬ್ಬೆಟ್ಟು ಒತ್ತಿ, ದುಡ್ಡು ತಗೊಂಡು, ಗೇಟಿನ ಆಚೆ ಹೋದ ಮೇಲೆ ಮತ್ತೆ ಸುತ್ತಿಕೊಳ್ಳುತ್ತಿದ್ದರು. ನಾನು ಚಿಕ್ಕವಳು, ಜಗಲಿ ಕಂಬ ಹಿಡಿದು ನೋಡುತ್ತಿದ್ದೆ. ಅದೇನೋ ತೋಟದ ಪದ್ಧತಿ ಅಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ನೋಡಿದರೆ ಬರೀ ತೋಟದ್ದಲ್ಲ, ಊರೂರಲ್ಲೂ ಅದೇ. ಗೌಡರ ಮನೆ ಮುಂದೆ, ಪಟೇಲರ ಚಾವಡಿ ಮುಂದೆ, ಮೇಲಿನವರ ಕೇರಿಯಲ್ಲಿ, ದಲಿತರ ತಲೆ ಮೇಲೆ ಬಟ್ಟೆ ನಿಲ್ಲುವ ಹಾಗಿರಲಿಲ್ಲ.

ಆ ಕಂಕುಳಿನ ಟವೆಲ್ ನೋಡಿದವಳಿಗೆ, ರಾಜ್ಯೋತ್ಸವದ ವೇದಿಕೆ ಮೇಲೆ ಒಬ್ಬ ಕೂಲಿಯ ಮಗನಿಗೆ ಅಧಿಕಾರಿಯೊಬ್ಬರು ತಮ್ಮ ಕೈಯಾರೆ ರುಮಾಲು ಸುತ್ತುವುದು ಅಂದರೆ ಏನು ಅಂತ ಗೊತ್ತು. ಅದಕ್ಕೇ ರಟ್ಟಿನ ಪೇಟ ಕಂಡರೆ ನನಗೆ ಸಿಟ್ಟು. ಕೊಡಬಹುದಾದ ದೊಡ್ಡದೊಂದನ್ನು ಕೈಯಲ್ಲಿ ಇಟ್ಟುಕೊಂಡು ನಾವು ಅದರ ಡೂಪ್ಲಿಕೇಟ್ ಕೊಡುತ್ತಿದ್ದೇವೆ.

ಈಗ ಇನ್ನೊಂದು ಕಡೆ ನೋಡಿ. ಇವತ್ತು ನಮ್ಮ ಜಿಲ್ಲೆಯಲ್ಲಿ ದಿನಾ ಪೇಟ ಹಾಕುವವರು ಯಾರು? ಮುಳ್ಳಯ್ಯನಗಿರಿ ನೋಡಲು ಬರುವ ಪ್ರವಾಸಿಗರ ಕಾರಿನ ಬಾಗಿಲು ತೆಗೆಯುವ ರೆಸಾರ್ಟ್ ಹುಡುಗರು. ಮದುವೆ ಹಾಲ್‌ಗಳಲ್ಲಿ ಪನ್ನೀರು ಚಿಮುಕಿಸುವವರು, ಕೇಟರಿಂಗ್‌ನವರು. ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಮುಂದೆ ನಡೆಯುವ ದಫೇದಾರರು. ಸಾಹೇಬರು ಬರಿದಲೆ, ಬಾಗಿಲು ತೆಗೆಯುವವನಿಗೆ ಪೇಟ. ಇದನ್ನು ಶುರು ಮಾಡಿದ್ದು ಬ್ರಿಟಿಷರ ಕಾಲ. ರಾಜನ ತಲೆ ಮೇಲಿನ ಉಡುಪನ್ನು ಬಟ್ಲರ್‌ಗೆ, ಚಪರಾಸಿಗೆ ಯೂನಿಫಾರಂ ಮಾಡಿದರು. ಅವರು ಹೋದರು, ನಾವು ಯೂನಿಫಾರಂ ಬದಲಾಯಿಸಲಿಲ್ಲ. ಆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಪೇಟ ಒಂದು ಕಡೆ ಐದು ನಿಮಿಷದ ಗೌರವ, ಇನ್ನೊಂದು ಕಡೆ ಎಂಟು ಗಂಟೆಯ ಡ್ಯೂಟಿ ಆಗಿದೆ. ನಾಡಿನ ಗುರುತು ಅಂತ ಭಾಷಣ ಮಾಡುವವರು ಇದನ್ನು ಸ್ವಲ್ಪ ನೋಡಬೇಕು.

ಗಾಂಧೀಜಿ ಬದುಕಿನ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1893ರಲ್ಲಿ ಡರ್ಬನ್ನಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಪೇಟ ತೆಗೆಯಲು ಹೇಳಿದರು. ಗಾಂಧಿ ತೆಗೆಯಲಿಲ್ಲ, ಎದ್ದು ಹೊರಗೆ ಬಂದರು. ಈ ರಗಳೆಯೇ ಬೇಡ, ಇಂಗ್ಲಿಷ್ ಹ್ಯಾಟು ಹಾಕಿಬಿಡೋಣ ಅಂತಲೂ ಅವರಿಗೆ ಅನ್ನಿಸಿತ್ತಂತೆ. ಅವರನ್ನು ಅಲ್ಲಿಗೆ ಕರೆಸಿಕೊಂಡಿದ್ದ ವ್ಯಾಪಾರಿ ದಾದಾ ಅಬ್ದುಲ್ಲಾ ಬೇಡ ಅಂದರು. ಹ್ಯಾಟು ಹಾಕಿದರೆ ನಿಮ್ಮನ್ನು ಹೋಟೆಲ್ ವೇಟರ್ ಅಂದುಕೊಳ್ಳುತ್ತಾರೆ ಅಂತ ಎಚ್ಚರಿಸಿದರು. ಅಲ್ಲಿ ವೇಟರ್ ಕೆಲಸ ಮಾಡುತ್ತಿದ್ದ ಭಾರತೀಯರು ಹ್ಯಾಟು ಹಾಕುತ್ತಿದ್ದರು. ನಮ್ಮಲ್ಲಿ ಈಗ ತಿರುವುಮುರುವು: ಹ್ಯಾಟು ಗೆಸ್ಟ್‌ಗೆ, ಪೇಟ ವೇಟರ್‌ಗೆ. ಮುಂದೆ ವಕೀಲರಾಗಿ ಪ್ರಮಾಣ ಸ್ವೀಕರಿಸುವಾಗ ಅಲ್ಲಿನ ಮುಖ್ಯ ನ್ಯಾಯಾಧೀಶರು ಹೇಳಿದಾಗ ಗಾಂಧಿ ಪೇಟ ತೆಗೆದರು ಅನ್ನುವುದನ್ನೂ ಹೇಳಿಬಿಡಬೇಕು. ಅವರ ಗೆಳೆಯರಿಗೆ ಅದು ಇಷ್ಟವಾಗಲಿಲ್ಲ.

ಹಾಗಾದರೆ ಪೇಟದ ಮಾನ ಉಳಿಸಲು ಎಲ್ಲರೂ ಕಡ್ಡಾಯವಾಗಿ ಪೇಟ ಹಾಕಬೇಕು ಅಂತ ಆದೇಶ ಹೊರಡಿಸಿದರೆ? ದಯವಿಟ್ಟು ಆ ದಾರಿ ಹಿಡಿಯಬೇಡಿ. ಟರ್ಕಿಯಲ್ಲಿ ಸುಲ್ತಾನ ಎರಡನೇ ಮಹಮೂದ್ 1829ರಲ್ಲಿ ಅಧಿಕಾರಿಗಳೆಲ್ಲ ಪೇಟ ಬಿಟ್ಟು ಫೆಜ್ ಟೋಪಿ ಹಾಕಬೇಕು ಅಂದ. ನೂರು ವರ್ಷ ತುಂಬುವ ಮೊದಲೇ, 1925ರಲ್ಲಿ, ಅತಾತುರ್ಕ್ ಸರ್ಕಾರ ಅದೇ ಫೆಜ್ ಬ್ಯಾನ್ ಮಾಡಿ ಹ್ಯಾಟು ಹಾಕಿ ಅಂತ ಕಾನೂನು ತಂದಿತು. ಪ್ರತಿಭಟಿಸಿದ ಕೆಲವರು ಗಲ್ಲಿಗೇರಿದರು. ಅಷ್ಟು ದೂರ ಯಾಕೆ, ಪಕ್ಕದ ಶಿವಮೊಗ್ಗ ಜಿಲ್ಲೆಯ ಈಸೂರು ನೋಡಿ. 1942ರಲ್ಲಿ ಊರಿನವರು ಸ್ವತಂತ್ರ ಸರ್ಕಾರ ಘೋಷಿಸಿಕೊಂಡರು. ಊರಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಗಾಂಧಿ ಟೋಪಿ ಹಾಕಬೇಕು ಅಂತ ಪಟ್ಟು ಹಿಡಿದರು. ಗಲಾಟೆಯಾಗಿ ಇಬ್ಬರು ಅಧಿಕಾರಿಗಳೂ ಸತ್ತರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಈಸೂರಿನ ತ್ಯಾಗಕ್ಕೆ ನಾನು ಕೈ ಮುಗಿಯುತ್ತೇನೆ. ಆದರೂ ಇನ್ನೊಬ್ಬರ ತಲೆಗೆ ಬಲವಂತವಾಗಿ ಏನನ್ನಾದರೂ ಇಡಲು ಹೋದರೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ತೆಗೆಯಲು ಹೇಳಿದರೂ ಅಷ್ಟೇ. 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಗೇಟಿನ ಮುಂದೆ ಹಿಜಾಬ್ ವಿಷಯಕ್ಕೆ ಏನಾಯಿತು ಅಂತ ಬಿಡಿಸಿ ಹೇಳಬೇಕಾ?

ಕಡ್ಡಾಯ ಮಾಡದಿದ್ದರೂ ರಾಜಕೀಯ ಬಂದು ಸೇರಿಕೊಳ್ಳಬಹುದು. ಹಿಮಾಚಲದಲ್ಲಿ ಟೋಪಿಯ ಪಟ್ಟಿ ಹಸಿರಾದರೆ ಒಂದು ಪಕ್ಷ, ಕೆಂಪಾದರೆ ಇನ್ನೊಂದು ಪಕ್ಷ ಅನ್ನುವ ಮಟ್ಟಕ್ಕೆ ಹೋಗಿತ್ತು. ನಮ್ಮ ಪೇಟಕ್ಕೆ ಆ ಗತಿ ಇನ್ನೂ ಬಂದಿಲ್ಲ, ಪುಣ್ಯ. ಶಾಲುಗಳಿಗೆ ಆಗಲೇ ಬಂದಿದೆ.

ಇನ್ನು ಮೈಸೂರು ಪೇಟವೊಂದೇ ಕರ್ನಾಟಕವಾ ಅನ್ನುವ ಪ್ರಶ್ನೆ. 1956ರಲ್ಲಿ ಹಳೆ ಮೈಸೂರಿನ ಜೊತೆ ಬೇರೆ ಬೇರೆ ಸೀಮೆಗಳು ಸೇರಿದವು. 1973ರಲ್ಲಿ ರಾಜ್ಯದ ಹೆಸರನ್ನೇ ಕರ್ನಾಟಕ ಅಂತ ಬದಲಾಯಿಸಿದೆವು. ಸನ್ಮಾನದ ಪೇಟ ಮಾತ್ರ ಮೈಸೂರಲ್ಲೇ ಉಳಿಯಿತು. ಧಾರವಾಡ, ಬೆಳಗಾವಿ ಕಡೆಯವರಿಗೆ ತಮ್ಮ ಪಟಗಾ ಇದೆ, ಕೊಡಗಿನವರಿಗೆ ಅವರದೇ ಪೇಟ ಇದೆ, ತುಳುನಾಡಿನವರಿಗೆ ಅಡಿಕೆ ಹಾಳೆಯ ಮುಟ್ಟಾಳೆ ಇದೆ. ಅವರ ವಿಷಯ ಅವರು ನೋಡಿಕೊಳ್ಳಲಿ. ನಮ್ಮ ಒಂದೇ ಜಿಲ್ಲೆಯಲ್ಲಿ ಎಷ್ಟಿದೆ ಅಂತ ನೋಡೋಣ.

ಕಡೂರು, ಅಜ್ಜಂಪುರದ ಬಯಲಿನಲ್ಲಿ ಕುರಿ ಹಿಂದೆ ಹೋಗುವವರ ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ತಾಂಡಾಗಳ ಹಿರಿಯ ಹೆಂಗಸರ ತಲೆ ಮೇಲೆ ಕನ್ನಡಿ ಚೂರು ಹೊಲಿದ ಮುಸುಕು. ಘಟ್ಟದ ಕಡೆ ಬಂದರೆ ಅದೇ ಕಂಬಳಿಯ ಒಂದು ತುದಿ ಮಡಚಿದರೆ ಕೊಪ್ಪೆ. ನೆತ್ತಿಯಿಂದ ಮಂಡಿಯ ತನಕ ಒಂದೇ ಬಟ್ಟೆ. ಜುಲೈ ಮಳೆಗೆ ನೆಂದು ಭಾರವಾಗುತ್ತದೆ, ವಾಸನೆಯೂ ಬರುತ್ತದೆ, ಒಳಗೆ ಮಾತ್ರ ಬೆಚ್ಚಗೆ. ನಾಟಿ ಮಾಡುವ ಹೆಂಗಸರಿಗೆ ಬಿದಿರಿನ ಹಂದರಕ್ಕೆ ಎಲೆ ಹೊದಿಸಿದ ಗೊರಬು ಇತ್ತು. ಬಗ್ಗಿದರೆ ಬೆನ್ನಿಗೆ ಅದೇ ಸೂರು, ಎರಡು ಕೈಯೂ ಸಸಿಗೆ ಬಿಡುವು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ.

ಕೊಪ್ಪ, ಶೃಂಗೇರಿ ಕಡೆ ಹಾಳೆ ಟೋಪಿ. ಬಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಮಡಚಿ ಹೊಲಿದರೆ ಆಯ್ತು. ಹೊರೆ ಹೊರಲೂ ಅದೇ, ಬಿಸಿಲು ಮಳೆಗೂ ಅದೇ. ಇನ್ನು ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ನೋಡಿ. ಬೆಳಗ್ಗೆ ಗಿಡದಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ, ಕೊಂಬೆ ಎಳೆದರೆ ಚಗಳಿ ಇರುವೆ ಸುರಿಯುತ್ತದೆ. ಅದಕ್ಕೇ ಹಣೆಯಿಂದ ಕುತ್ತಿಗೆಯ ತನಕ ಬಟ್ಟೆ ಬಿಗಿದು ಹಿಂದೆ ಗಂಟು ಹಾಕಿರುತ್ತಾರೆ. ಈ ಜಿಲ್ಲೆಯ ಕಾಫಿ ಅಷ್ಟೂ ಆ ತಲೆಬಟ್ಟೆಗಳ ಕೆಳಗಿನಿಂದಲೇ ಬಂದದ್ದು. ಅದನ್ನು ಕಟ್ಟಿಕೊಂಡ ಒಬ್ಬರನ್ನು ವೇದಿಕೆ ಮೇಲೆ ನಾನಂತೂ ನೋಡಿಲ್ಲ. ಕರೆದರೂ ‘ಅದನ್ನು ಬಿಚ್ಚಿ ಬನ್ನಿ ಅಮ್ಮ’ ಅನ್ನುತ್ತೇವೇನೋ.

ಕಿರ್ಗಿಸ್ತಾನ ಅಂತ ಒಂದು ದೇಶ. ಅಲ್ಲಿನವರಿಗೆ ಉಣ್ಣೆಯ ಬಿಳಿ ಟೋಪಿ ರಾಷ್ಟ್ರದ ಗುರುತು. ಅಕ್ ಕಲ್ಪಾಕ್ ಅನ್ನುತ್ತಾರೆ. ಮಾರ್ಚ್ 5 ಅದರದೇ ದಿನ. 2019ರಲ್ಲಿ ಯುನೆಸ್ಕೊ ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ನನಗೆ ಹಿಡಿಸಿದ್ದು ಎರಡು ವಿಷಯ. ಯುನೆಸ್ಕೊ ಪಟ್ಟಿಗೆ ಹಾಕಿದ್ದು ಬರೀ ಟೋಪಿಯನ್ನಲ್ಲ, ಅದನ್ನು ಮಾಡುವ ಕೈಕೆಲಸವನ್ನು. ಇನ್ನೊಂದು, ಆ ಒಂದು ಟೋಪಿಯಲ್ಲಿ 80ಕ್ಕೂ ಹೆಚ್ಚು ಬಗೆ ಇದೆಯಂತೆ. ಅಷ್ಟು ಬಗೆ ಇದ್ದೂ ಅದು ಇಡೀ ದೇಶದ್ದು. ನಮಗೆ ನಾಲ್ಕು ಬಗೆ ಇಟ್ಟುಕೊಂಡರೆ ಕನ್ನಡತನ ಕಡಿಮೆಯಾಗುತ್ತದಾ?

ಹಾಗಾಗಿ ಈ ಸಲ ಹೀಗೆ ಮಾಡಬಹುದು. ಸನ್ಮಾನಿತರ ಪಟ್ಟಿ ಆದ ದಿನವೇ ಅವರಿಗೊಂದು ಫೋನ್ ಮಾಡಿ, ನಿಮಗೆ ಏನು ತೊಡಿಸಲಿ ಅಂತ ಕೇಳಿ. ವೀರಗಾಸೆಯ ಕಲಾವಿದರು ರುಮಾಲು ಅನ್ನಬಹುದು, ಅಡಿಕೆ ಕೊನೆ ಕೊಯ್ಯುವವರು ಹಾಳೆ ಟೋಪಿ ಅನ್ನಬಹುದು, ನಿವೃತ್ತ ಹೆಡ್‌ಮಾಸ್ಟರು ಮೈಸೂರು ಪೇಟವೇ ಬೇಕು ಅನ್ನಬಹುದು. ಅವರಿಷ್ಟ. ತಲೆಗೆ ಏನೂ ಬೇಡ, ಮುಡಿಗೆ ಹೂವು ಸಾಕು ಅನ್ನುವ ಹೆಂಗಸರೂ ಇರುತ್ತಾರೆ. ನನ್ನನ್ನು ಕೇಳಿದರೆ ನಾನು ಅದನ್ನೇ ಅಂದೇನು. ಆದರೆ ಹೆಂಗಸರಿಗೆ ಪೇಟ ಯಾಕೆ ಅಂತ ನೀವೇ ತೀರ್ಮಾನ ಮಾಡಬೇಡಿ, ಕೇಳಿ.

ಖರ್ಚಿನ ಮಾತು ಬರುತ್ತದೆ ಅಂತ ಗೊತ್ತು. ಕೈಮಗ್ಗದ ಹತ್ತಿ ಬಟ್ಟೆ ತನ್ನಿ. ದುಡ್ಡು ಸಾಲದಿದ್ದರೆ ಆ ಸ್ಮರಣಿಕೆ ಬಿಡಿ. ಪ್ಲಾಸ್ಟಿಕ್ ಫಲಕಗಳನ್ನು ಇಡಲು ಯಾರ ಮನೆ ಷೋಕೇಸಿನಲ್ಲೂ ಜಾಗ ಇಲ್ಲ. ರುಮಾಲಿನ ಬಟ್ಟೆಯಾದರೆ ಮನೆಯಲ್ಲಿ ಮದುವೆ, ಹಬ್ಬಕ್ಕೆ ಆಗುತ್ತದೆ. ಏನೂ ಇಲ್ಲ ಅಂದರೆ ಮೊಮ್ಮಗುವಿನ ತೊಟ್ಟಿಲಿಗಾದರೂ ಆಗುತ್ತದೆ.

ಟೈಮ್ ಜಾಸ್ತಿ ಹಿಡಿಯುತ್ತೆ ಅನ್ನುವವರಿಗೆ ಒಂದು ಮಾತು. ಪಳಗಿದ ಕೈಗೆ ರುಮಾಲು ಸುತ್ತಲು ಎರಡು ಮೂರು ನಿಮಿಷ ಸಾಕು. ಒಬ್ಬರು ಬಟ್ಟೆಯ ಆ ತುದಿ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಈ ತುದಿಯನ್ನು ಹಿಂದೆ ಇಳಿಬಿಟ್ಟು, ಹಣೆಗೆ ಒಂದು ಸುತ್ತು ಬಿಗಿಯಾಗಿ ಹಾಕಿ, ಆಮೇಲೆ ಒಂದರ ಮೇಲೊಂದು ಓರೆಯಾಗಿ ಏರಿಸಿಕೊಂಡು ಹೋಗಿ, ಕೊನೆಯ ಚುಂಗನ್ನು ಸಿಕ್ಕಿಸಬೇಕು. ಸಿಕ್ಕಿಸಿದ ಮೇಲೆ ಎರಡೂ ಅಂಗೈಯಲ್ಲಿ ಒಮ್ಮೆ ಒತ್ತಿ ಕೂರಿಸಬೇಕು. ಅಷ್ಟು ಹೊತ್ತು ಸಭೆಯವರು ನೋಡಲಿ. ಒಂದು ಸ್ವಾಗತ ಭಾಷಣ ಕಡಿಮೆ ಮಾಡಿದರೆ ಆರು ಜನರ ತಲೆಗೆ ಸುತ್ತಬಹುದು. ತುದಿ ಹಿಡಿದು ನಿಲ್ಲುವ ಕೆಲಸ ಶಾಸಕರದ್ದೋ, ಜಿಲ್ಲಾಧಿಕಾರಿಗಳದ್ದೋ ಆಗಲಿ.

ಸುತ್ತಲು ಬರುವವರು ಸಿಗುವುದಿಲ್ಲ ಅಂತ ಮಾತ್ರ ಹೇಳಬೇಡಿ. ಯಕ್ಷಗಾನದ ಚೌಕಿಯಲ್ಲಿ ಮುಂಡಾಸು ಕಟ್ಟುವ ಕಲಾವಿದರು ಇದ್ದಾರೆ. ಬಯಲುಸೀಮೆಯಲ್ಲಿ ಇವತ್ತಿಗೂ ದಿನಾ ಕನ್ನಡಿ ಇಲ್ಲದೆ ಸುತ್ತಿಕೊಳ್ಳುವ ಅಜ್ಜಂದಿರಿದ್ದಾರೆ. ಪ್ರತಿ ತಾಲ್ಲೂಕಿನಲ್ಲಿ ಅಂಥವರನ್ನು ಕರೆದು, ಹೈಸ್ಕೂಲ್ ಮಕ್ಕಳಿಗೆ ಒಂದು ಮಧ್ಯಾಹ್ನ ಕಲಿಸಲು ಹೇಳಿ. ಹುಡುಗಿಯರೂ ಕಲಿಯಲಿ. ಮೂಡಿಗೆರೆಗೆ ಇಬ್ಬರು ಹಿರಿಯರನ್ನು ನಾನೇ ಕರೆತರುತ್ತೇನೆ, ಆಗಲೇ ಕೇಳಿಟ್ಟಿದ್ದೇನೆ. ಅವರಿಗೆ ಬಸ್ ಚಾರ್ಜು, ಊಟ ಕೊಟ್ಟರೆ ಸಾಕು. ಊಟ ಮಾತ್ರ ಅತಿಥಿಗಳ ಪಂಕ್ತಿಯಲ್ಲೇ ಆಗಬೇಕು, ಅಡುಗೆಮನೆ ಹಿಂದೆ ಅಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಮೂಡಿಗೆರೆ ತಾಲ್ಲೂಕು